ಟೈರ್ ಸಿಡಿದಾಗ ಕೈ ಬ್ರೇಕಿಗೆ ಹೋಗದಿರಲಿ

ಸಂಪಾದಕರೇ,

ಬೈಕ್ ಅಪಘಾತದ ಸುದ್ದಿಗಳಲ್ಲಿ ‘ಟೈರ್ ಸಿಡಿದು ನಿಯಂತ್ರಣ ತಪ್ಪಿ’ ಎಂಬ ಸಾಲು ಎಷ್ಟು ರೂಢಿಯಾಗಿದೆಯೆಂದರೆ ಓದುವವರಿಗೆ ಅದು ಒಂದೇ ಘಟನೆಯಂತೆ ಕಾಣುತ್ತದೆ. ಟೈರ್ ಸಿಡಿಯಿತು, ಬಿದ್ದರು, ಹಣೆಬರಹ ಎಂದು ಪುಟ ತಿರುವುತ್ತಾರೆ. ಅಲ್ಲಿರುವುದು ಎರಡು ಘಟನೆ. ಗಾಳಿ ಹೋಗುವುದು ಒಂದು, ಬೈಕು ಕೈತಪ್ಪುವುದು ಇನ್ನೊಂದು. ಎರಡರ ನಡುವೆ ಮೂರು ನಾಲ್ಕು ಸೆಕೆಂಡು ಇರುತ್ತದೆ. ಅಷ್ಟರಲ್ಲಿ ಸವಾರನ ಬಲಗೈ ಏನು ಮಾಡಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಗಾಳಿ ಹೋದ ಮಾತ್ರಕ್ಕೆ ಬೈಕು ನೆಲ ಕಚ್ಚಬೇಕೆಂದಿಲ್ಲ. ಗಾಬರಿಯಲ್ಲಿ ಹಿಡಿದ ಬ್ರೇಕು ಮಾತ್ರ ಅದನ್ನು ಕೆಡವಿಯೇ ಬಿಡುತ್ತದೆ. ಈ ವಿಷಯದಲ್ಲಿ ತಿಳಿವಳಿಕೆ ಕಡಿಮೆ ಇರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

‘ಸಿಡಿಯಿತು’ ಎನ್ನುವ ಎಲ್ಲ ಟೈರೂ ಸಿಡಿದಿರುವುದಿಲ್ಲ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ರಬ್ಬರು ಆ ಮೊಳೆಯನ್ನೇ ಅಪ್ಪಿ ಹಿಡಿಯುತ್ತದೆ. ಗಾಳಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸೋರುತ್ತದೆ. ಟ್ಯೂಬ್ ಇರುವ ಟೈರಿನ ಕತೆ ಬೇರೆ. ಟ್ಯೂಬು ಬಲೂನಿನ ಹಾಗೆ ಹಿಗ್ಗಿ ಕೂತಿರುತ್ತದೆ. ತೂತು ಬಿತ್ತೆಂದರೆ ಗಾಳಿ ಟೈರಿನೊಳಗೆ ಬಂದು ಸ್ಪೋಕ್ಸ್ ಕೂತ ರಂಧ್ರಗಳಿಂದ, ವಾಲ್ವಿನ ರಂಧ್ರದಿಂದ ಹೊರಕ್ಕೆ ನುಗ್ಗುತ್ತದೆ. ಟ್ಯೂಬು ಸೀಳಿಕೊಂಡರೆ ಕೆಲವೇ ಸೆಕೆಂಡಿನಲ್ಲಿ ಖಾಲಿ. ಟೈರಿನ ಪಕ್ಕದ ಗೋಡೆಯೇ ಬಿರಿದು ಢಮ್ಮೆನ್ನುವ ನಿಜವಾದ ಸಿಡಿತ ಮೂರನೆಯ ಬಗೆ. ವಾಲ್ವು ಬುಡದಲ್ಲೇ ಕಿತ್ತುಹೋಗುವುದು ನಾಲ್ಕನೆಯದು. ಅದರ ಬಗ್ಗೆ ಹೆಚ್ಚು ಜನ ಮಾತಾಡುವುದಿಲ್ಲ, ಹಾಗಾಗಿ ಆಮೇಲೆ ಅದಕ್ಕೇ ಬರುತ್ತೇವೆ.

ಗಾಳಿ ಹೋದದ್ದು ಯಾವ ಚಕ್ರದ್ದು ಎಂದು ಬೈಕೇ ಹೇಳುತ್ತದೆ. ಹಿಂದಿನದಾದರೆ ಸೀಟಿನ ಕೆಳಗೆ ಬೈಕು ಸೊಂಟ ಕುಣಿಸಿದಂತೆ ಆಡುತ್ತದೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ಹೋದ ಹಾಗೆ ಹಿಂಭಾಗ ಆ ಕಡೆ ಈ ಕಡೆ ತೇಲುತ್ತದೆ, ಆದರೆ ಹ್ಯಾಂಡಲ್ ಮಾತು ಕೇಳುತ್ತಿರುತ್ತದೆ. ಮುಂದಿನದಾದರೆ ಹ್ಯಾಂಡಲ್ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಒಂದು ಪಕ್ಕಕ್ಕೆ ಎಳೆಯುತ್ತದೆ, ತಿರುಗಿಸಿದರೆ ತಡವಾಗಿ ತಿರುಗಿ ಆಮೇಲೆ ಒಮ್ಮೆಗೇ ವಾಲುತ್ತದೆ. ಸೀಟು ಆಡಿದರೆ ಹಿಂದಿನದು, ಹ್ಯಾಂಡಲ್ ಆಡಿದರೆ ಮುಂದಿನದು ಎಂದು ನೆನಪಿಟ್ಟುಕೊಂಡರೆ ಸಾಕು. ಮೊಳೆ ಚುಚ್ಚಿಸಿಕೊಳ್ಳುವುದು ಹೆಚ್ಚಾಗಿ ಹಿಂದಿನ ಚಕ್ರವೇ. ರಸ್ತೆಯಲ್ಲಿ ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನದು ಬಂದು ಅದರ ಮೇಲೆ ಹತ್ತುತ್ತದೆ. ಇದು ಸವಾರನ ಅದೃಷ್ಟ ಎನ್ನಬೇಕು, ಯಾಕೆಂದರೆ ಎರಡರಲ್ಲಿ ಸಂಭಾಳಿಸಲು ಸುಲಭವಾದದ್ದು ಹಿಂದಿನದೇ.

ಈಗ ಆ ಮೂರು ನಾಲ್ಕು ಸೆಕೆಂಡು.

ಮೊದಲು ಏನನ್ನೂ ಮಾಡದಿರುವುದೇ ಕೆಲಸ. ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿಯಬೇಕು, ಆದರೆ ಮೊಣಕೈ ಸಡಿಲವಿರಬೇಕು. ತೋಳು ಕಂಬಿಯಂತೆ ಬಿಗಿದರೆ ಹಿಂಭಾಗದ ಪ್ರತಿ ತೂಗಾಟವೂ ದೇಹದ ಮೂಲಕ ಹ್ಯಾಂಡಲಿಗೆ ಬಂದು, ಸವಾರನೇ ಅರಿಯದೆ ಬೈಕನ್ನು ಮತ್ತಷ್ಟು ಓಲಾಡಿಸುತ್ತಾನೆ. ಹಿಡಿತ ಬೇಕಿದ್ದರೆ ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿಯಲಿ. ಕಣ್ಣು ದೂರದಲ್ಲಿರಲಿ, ಟೈರ್ ಏನಾಯಿತೆಂದು ಬಗ್ಗಿ ನೋಡುವವರಿದ್ದಾರೆ, ಆಗ ಬೈಕೂ ಆ ಕಡೆಗೇ ಬಗ್ಗುತ್ತದೆ. ಎಕ್ಸಿಲರೇಟರನ್ನು ಪಟ್ಟನೆ ಬಿಡದೆ, ಬಾಗಿಲು ಮೆಲ್ಲಗೆ ಮುಚ್ಚುವ ಹಾಗೆ ಎರಡು ಮೂರು ಸೆಕೆಂಡು ತೆಗೆದುಕೊಂಡು ಮುಚ್ಚಬೇಕು. ನೇರ ಸಾಗುತ್ತಿದ್ದರೆ ನೇರವೇ ಸಾಗಲಿ. ಅಂಚಿಗೆ ಸರಿಯುವ ಆತುರ ಬೇಡ. ವೇಗ ಇಳಿಯುವ ಮುಂಚೆ ಬೈಕನ್ನು ವಾಲಿಸಿದರೆ, ಗಾಳಿಯಿಲ್ಲದ ಟೈರಿನ ಗೋಡೆ ಆ ಭಾರ ತಡೆಯದೆ ಮಡಚಿಕೊಳ್ಳುತ್ತದೆ.

ವೇಗದಲ್ಲಿರುವಾಗ ಬೈಕು ತಾನಾಗಿ ನೆಟ್ಟಗೆ ನಿಲ್ಲಲು ನೋಡುತ್ತದೆ. ತಿರುಗುವ ಚಕ್ರಗಳ ಗುಣವೂ ಮುಂದಿನ ಫೋರ್ಕಿನ ಇಳಿಜಾರೂ ಸೇರಿ ಅದನ್ನು ಎತ್ತಿ ಹಿಡಿದಿರುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನಿಲ್ಲಲು ನೂರೋ ಇನ್ನೂರೋ ಮೀಟರ್ ಹೋದರೆ ಹೋಗಲಿ, ಎದುರಿಗೆ ಅಡ್ಡಿಯಿಲ್ಲದಿದ್ದರೆ ಅಷ್ಟು ದೂರವನ್ನು ಧಾರಾಳವಾಗಿ ಖರ್ಚು ಮಾಡಬಹುದು. ಜಿಪುಣತನ ಮಾಡಬೇಕಾದ್ದು ಬ್ರೇಕಿನಲ್ಲಿ.

ಬ್ರೇಕ್ ಹಾಕಲೇಬೇಕಾದರೆ ಗಾಳಿಯಿರುವ ಚಕ್ರಕ್ಕೆ, ಅದೂ ಮೆಲ್ಲಗೆ. ಕಾರಣ ಹೀಗೆ: ಟೈರನ್ನು ರಿಮ್ಮಿಗೆ ಅಂಟಿಸಿ ಹಿಡಿದಿರುವುದು ಒಳಗಿನ ಗಾಳಿಯ ಒತ್ತಡವೇ. ಅದು ಹೋದ ಮೇಲೆ ಟೈರಿನ ಅಂಚು, ಅಂದರೆ ಒಳಗೆ ತಂತಿ ಇರುವ ಬೀಡ್ ಎನ್ನುವ ಭಾಗ, ತಾನು ಕೂರುವ ಜಾಗದಲ್ಲಿ ಬರೀ ಬಿಗುವಿನ ಮೇಲೆ ಕೂತಿರುತ್ತದೆ. ಬ್ರೇಕ್ ಹಾಕಿದರೆ ರಿಮ್ಮನ್ನು ಬ್ರೇಕು ಹಿಡಿಯುತ್ತದೆ, ಟೈರನ್ನು ರಸ್ತೆ ಎಳೆಯುತ್ತದೆ. ಎರಡರ ನಡುವಿನ ಕೊಂಡಿ ಕಳಚಿ ಬೀಡು ರಿಮ್ಮಿನ ನಡುವಿನ ತಗ್ಗಿಗೆ ಜಾರುತ್ತದೆ. ಆಮೇಲೆ ಬರಿಯ ಲೋಹ ಡಾಂಬರಿನ ಮೇಲೆ ಉಜ್ಜುತ್ತದೆ. ಲೋಹಕ್ಕೆ ಹಿಡಿತ ಎಂಬುದೇ ಇಲ್ಲ.

ಹಿಂದಿನ ಟೈರ್ ಹೋಗಿದ್ದರೆ ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಹದವಾಗಿ ಒತ್ತಬಹುದು. ಭಾರ ಮುಂದಕ್ಕೆ ಸರಿದು ಹಿಂದಿನ ಟೈರಿಗೆ ಹಗುರವಾಗುತ್ತದೆ, ಅದೂ ಒಳ್ಳೆಯದೇ. ಮುಂದಿನದು ಹೋಗಿದ್ದರೆ ಮುಂದಿನ ಬ್ರೇಕಿನಿಂದ ಬೆರಳು ತೆಗೆದುಬಿಡಿ. ಸೀಟಿನಲ್ಲಿ ಒಂದಿಷ್ಟು ಹಿಂದಕ್ಕೆ ಸರಿದು, ಹಿಂದಿನ ಬ್ರೇಕನ್ನು ಕಾಲ್ಬೆರಳಿನಿಂದ ಮುಟ್ಟಿದಷ್ಟೇ ಒತ್ತಿ. ಹಿಂದಿನ ಬ್ರೇಕ್ ಹಾಕಿದರೂ ಸ್ವಲ್ಪ ಭಾರ ಮುಂದಕ್ಕೆ ಬರುವುದರಿಂದ ಇಲ್ಲಿ ಇನ್ನೂ ಮೃದುವಾಗಿರಬೇಕು. ಎಬಿಎಸ್ ಇದೆಯಲ್ಲ ಎಂಬ ಧೈರ್ಯ ಬೇಡ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ರಿಮ್ಮಿನಿಂದ ಟೈರು ಕಳಚುವುದನ್ನು ತಡೆಯಲಾರದು.

ಎಂಜಿನ್ ಕೂಡ ಬ್ರೇಕೇ ಎಂಬುದನ್ನು ಮರೆಯುವವರು ಹೆಚ್ಚು. ಗೇರ್ ಇಳಿಸಿ ಕ್ಲಚ್ಚನ್ನು ದಢಕ್ಕನೆ ಬಿಟ್ಟರೆ ಹಿಂದಿನ ಚಕ್ರವನ್ನು ಬ್ರೇಕಿನಷ್ಟೇ ಬಲವಾಗಿ ಹಿಡಿದಂತಾಗುತ್ತದೆ. ಹಿಂದಿನ ಟೈರ್ ಹೋದಾಗ ಗೇರಿನ ತಂಟೆಗೆ ಹೋಗಬಾರದು. ಎಕ್ಸಿಲರೇಟರ್ ಇಳಿಸಿದಾಗಲೇ ತೂಗಾಟ ಹೆಚ್ಚಾಯಿತೆನಿಸಿದರೆ ಕ್ಲಚ್ ಹಿಡಿದು ಚಕ್ರವನ್ನು ಸರಾಗ ಉರುಳಲು ಬಿಡುವುದು ಮೇಲು. ಮುಂದಿನ ಟೈರ್ ಹೋದಾಗ ಮಾತ್ರ ಗೇರಿನಲ್ಲೇ ಇದ್ದು, ಎಂಜಿನ್ನೇ ಹಿಂದಿನಿಂದ ಮೆಲ್ಲಗೆ ಎಳೆದು ನಿಲ್ಲಿಸಲು ಬಿಡಬಹುದು.

ಇಲ್ಲೊಂದು ತೊಡಕಿದೆ, ಯಾವ ಪಾಠದಲ್ಲೂ ಸರಿಯಾಗಿ ಹೇಳುವುದಿಲ್ಲ. ಸಿಬಿಎಸ್ ಎಂಬ ಜೋಡಿ ಬ್ರೇಕಿನ ವ್ಯವಸ್ಥೆ ಇರುವ ಸ್ಕೂಟರು, ಸಣ್ಣ ಬೈಕುಗಳಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಒಂದಷ್ಟು ಹಿಡಿಯುತ್ತದೆ. ಅಂಥ ವಾಹನದ ಮುಂದಿನ ಟೈರ್ ಹೋದಾಗ ‘ಹಿಂದಿನ ಬ್ರೇಕ್ ಮಾತ್ರ ಬಳಸಿ’ ಎಂಬ ಬುದ್ಧಿವಾದ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಎಕ್ಸಿಲರೇಟರ್ ಇಳಿಸಿ ಕಾಯುವುದೇ ಅಲ್ಲಿ ಮುಖ್ಯ ಬ್ರೇಕು. ಸ್ಕೂಟರಿಗೆ ಇನ್ನೆರಡು ಕೊರತೆಗಳಿವೆ. ಮೊಣಕಾಲಲ್ಲಿ ಅಪ್ಪಿ ಹಿಡಿಯಲು ಟ್ಯಾಂಕ್ ಇಲ್ಲ. 10 ಅಥವಾ 12 ಇಂಚಿನ ಚಿಕ್ಕ ಚಕ್ರದಲ್ಲಿ ಗಾಳಿಯ ಪ್ರಮಾಣವೇ ಕಡಿಮೆ, ಬೇಗ ಖಾಲಿಯಾಗುತ್ತದೆ. ಪಾದಗಳನ್ನು ನೆಲಹಾಸಿನ ಮೇಲೆ ಅಗಲಕ್ಕೆ ಒತ್ತಿಟ್ಟು ಕೂತರೆ ತುಸು ಹಿಡಿತ ಸಿಗುತ್ತದೆ.

ಬ್ರೇಕ್ ಹಾಕದೆ ವೇಗ ಇಳಿಸುವಾಗ ಹಿಂದಿನವರಿಗೆ ಅದು ಗೊತ್ತಾಗುವುದಿಲ್ಲ, ಕೆಂಪು ದೀಪ ಹತ್ತಿರುವುದಿಲ್ಲ. ಆಗ ಗಾಳಿಯಿರುವ ಚಕ್ರದ ಬ್ರೇಕ್ ಲಿವರನ್ನೋ ಪೆಡಲನ್ನೋ ದೀಪ ಹತ್ತುವಷ್ಟು ಮಾತ್ರ ಒತ್ತಿ ಹಿಡಿಯಬೇಕು. ಬ್ರೇಕು ಕಚ್ಚುವ ಮೊದಲು ಲಿವರಿನಲ್ಲಿ ಸ್ವಲ್ಪ ಸಡಿಲ ಇರುತ್ತದಲ್ಲ, ಸ್ವಿಚ್ ಸರಿಯಿದ್ದರೆ ಆ ಸಡಿಲದಲ್ಲೇ ದೀಪ ಹತ್ತುತ್ತದೆ. ಮನೆಯ ಗೋಡೆಯೆದುರು ಕತ್ತಲಲ್ಲಿ ಬೈಕು ನಿಲ್ಲಿಸಿ ಒತ್ತಿ ನೋಡಿದರೆ ತಮ್ಮ ಬೈಕಿನಲ್ಲಿ ಎಷ್ಟಕ್ಕೆ ಹತ್ತುತ್ತದೆಂದು ತಿಳಿಯುತ್ತದೆ. ಹಿಂದಿನವರಿಗೆ ಕೈಬೀಸುವುದು, ಇಂಡಿಕೇಟರ್ ಹುಡುಕುವುದು ಎಲ್ಲ ತೂಗಾಟ ತಣಿದ ಮೇಲಿನ ಮಾತು.

ಹಿಂದೆ ಕೂತವರು ಮಾಡಬೇಕಾದ್ದು ಒಂದೇ: ಸವಾರನ ಸೊಂಟಕ್ಕೆ ಅಂಟಿಕೊಂಡು ಅಲುಗಾಡದೆ ಕೂರುವುದು. ಕಾಲು ಕೆಳಗಿಳಿಸುವುದು, ಭುಜ ಹಿಡಿದು ಜಗ್ಗುವುದು, ಏನಾಯಿತೆಂದು ಬಗ್ಗಿ ನೋಡುವುದು ಇವೆಲ್ಲ ಅರವತ್ತು ಎಪ್ಪತ್ತು ಕಿಲೋ ತೂಕವನ್ನು ತಪ್ಪು ಹೊತ್ತಿನಲ್ಲಿ ತಪ್ಪು ಕಡೆ ಹಾಕಿದಂತೆ.

ತಿರುವಿನಲ್ಲಿ ಗಾಳಿ ಹೋದರೆ ಸಮಯ ಕಮ್ಮಿ. ಜಾಗವಿದ್ದರೆ ಬೈಕನ್ನು ನೆಟ್ಟಗೆ ಎತ್ತಿ, ತಿರುವಿನ ವ್ಯಾಸ ತುಸು ದೊಡ್ಡದಾದರೂ ಪರವಾಗಿಲ್ಲ ಎಂದು ವೇಗ ಇಳಿಸಬೇಕು. ಜಾಗವಿಲ್ಲದಿದ್ದರೆ ವಾಲಿದ ಮಟ್ಟವನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಎಕ್ಸಿಲರೇಟರನ್ನು ಮಾತ್ರ ನಿಧಾನವಾಗಿ ಇಳಿಸುವುದು. ಇದರಲ್ಲಿ ಖಾತರಿ ಏನೂ ಇಲ್ಲ, ಕಮ್ಮಿ ಕೆಟ್ಟದ್ದನ್ನು ಆರಿಸಿಕೊಳ್ಳುವುದಷ್ಟೇ.

ಇಷ್ಟೆಲ್ಲ ಗೆದ್ದವರು ಕೊನೆಯ ಹತ್ತು ಮೀಟರಿನಲ್ಲಿ ಬೀಳುವುದುಂಟು. ವೇಗ ನಡಿಗೆಯ ಮಟ್ಟಕ್ಕೆ ಬಂದಾಗ ಚಕ್ರಗಳು ಕೊಡುತ್ತಿದ್ದ ಆಸರೆ ಹೋಗಿರುತ್ತದೆ. ಚಪ್ಪಟೆಯಾದ ಮುಂದಿನ ಟೈರು ಹ್ಯಾಂಡಲ್ಲನ್ನು ಒಂದು ಕಡೆಗೆ ದೊಪ್ಪನೆ ತಿರುಗಿಸಿಬಿಡುತ್ತದೆ. ಅಂಚಿನ ಮಣ್ಣಿಗೆ ಇಳಿಯುವುದಿದ್ದರೆ ಡಾಂಬರಿಗೂ ಮಣ್ಣಿಗೂ ನಡುವಿನ ಮೆಟ್ಟಿಲನ್ನು ಓರೆಯಾಗಿ ಸವರಿಕೊಂಡು ಹೋಗದೆ, ನಿಧಾನವಾಗಿ, ಸಾಧ್ಯವಾದಷ್ಟು ನೇರ ಕೋನದಲ್ಲಿ ದಾಟಬೇಕು. ಪಾದ ನೆಲಕ್ಕೆ ಊರುವುದು ಬೈಕು ನಿಂತೇ ಹೋಯಿತು ಎನ್ನುವಾಗ ಮಾತ್ರ. ನಿಂತ ಮೇಲೆ ಇನ್ನೊಂದು ಎಡವಟ್ಟು ಕಾದಿರುತ್ತದೆ. ಗಾಳಿಯಿಲ್ಲದ ಬೈಕು ಕೆಲವು ಸೆಂಟಿಮೀಟರ್ ಕುಗ್ಗಿರುತ್ತದೆ, ಸೈಡ್ ಸ್ಟ್ಯಾಂಡಿನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಬೈಕು ವಾಡಿಕೆಗಿಂತ ನೆಟ್ಟಗೆ ನಿಂತು, ಸ್ವಲ್ಪ ತಳ್ಳಿದರೂ ಆಚೆ ಬದಿಗೆ ಮಗುಚುತ್ತದೆ. ಸ್ಟ್ಯಾಂಡಿನ ಕಾಲು ತಗ್ಗಿನಲ್ಲಿ ಬರುವಂತೆ ನಿಲ್ಲಿಸಿ, ಇಲ್ಲವೇ ಗಟ್ಟಿ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಮಾಡಿಯಾದ ಮೇಲೆ ವಾಹನಗಳು ಬರುವ ಕಡೆಗೆ ಬೆನ್ನು ಹಾಕಿ ಕೂತು ಟೈರ್ ನೋಡಬೇಡಿ.

ಇನ್ನು ಇದೆಲ್ಲ ಯಾಕೆ ಆಗುತ್ತದೆ ಎಂಬುದು. ಮೊಳೆಯನ್ನು ಬಿಟ್ಟರೆ ಬಹುಪಾಲು ಕಾರಣಗಳಿಗೆ ತಾಯಿ ಒಂದೇ, ಕಡಿಮೆ ಗಾಳಿ. ಗಾಳಿ ಕಮ್ಮಿಯಿದ್ದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ. ಬಿಸಿಯಲ್ಲಿ ರಬ್ಬರಿಗೂ ಒಳಗಿನ ನೂಲಿನ ಪದರಕ್ಕೂ ಇರುವ ಅಂಟು ಬಿಡುತ್ತದೆ, ಅಲ್ಲಿ ಗುಳ್ಳೆ ಏಳುತ್ತದೆ, ಒಂದು ದಿನ ಗುಂಡಿಗೆ ಬಿದ್ದಾಗಲೋ ಇಬ್ಬರು ಕೂತು ಜೋರಾಗಿ ಹೋಗುವಾಗಲೋ ಬಿರಿಯುತ್ತದೆ. ಜನ ಅದನ್ನು ‘ಬಿಸಿಲಿಗೆ ಗಾಳಿ ಹೆಚ್ಚಾಗಿ ಸಿಡಿಯಿತು’ ಎನ್ನುತ್ತಾರೆ. ಹಾಗೆಂದು ಬೇಸಿಗೆಯಲ್ಲಿ ಒಂದಷ್ಟು ಗಾಳಿ ಬಿಡಿಸುವವರೂ ಇದ್ದಾರೆ, ಅದು ಬೆಂಕಿಗೆ ತುಪ್ಪ ಹೊಯ್ದಂತೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಕೆಲವು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುವುದು ಸಹಜ, ತಯಾರಕರು ಕೊಟ್ಟ ಅಂಕಿ ಅದನ್ನು ಲೆಕ್ಕಕ್ಕೆ ಹಿಡಿದೇ ಕೊಟ್ಟದ್ದು. ಅಳೆಯಬೇಕಾದ್ದು ತಣ್ಣಗಿದ್ದಾಗ, ಅಂದರೆ ಬೈಕು ನಿಂತು ಮೂರು ಗಂಟೆಯಾದರೂ ಆಗಿರಬೇಕು. ಹವೆ 5–6 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಚಳಿಗಾಲ ಬಂದಾಗ ಹೊಸದಾಗಿ ನೋಡಿಕೊಳ್ಳಬೇಕು. ಎಷ್ಟು ತುಂಬಿಸಬೇಕೆಂಬುದು ಬೈಕಿನ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಅಥವಾ ಚೈನ್ ಕವರಿನ ಮೇಲಿನ ಸ್ಟಿಕರಿನಲ್ಲಿ, ಇಲ್ಲವೇ ಕೈಪಿಡಿಯಲ್ಲಿ ಇರುತ್ತದೆ. ಸಣ್ಣ ಬೈಕಿಗೆ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32 ಪಿಎಸ್‌ಐ ಆಸುಪಾಸಿನಲ್ಲಿರುವುದು ಸಾಮಾನ್ಯ. ಟೈರಿನ ಮೇಲೇ ಅಚ್ಚಾದ ಅಂಕಿ ಆ ಟೈರಿನ ಗರಿಷ್ಠ ಭಾರಕ್ಕೆ ಬೇಕಾದ ಒತ್ತಡ, ದಿನದ ಅಳತೆ ಅಲ್ಲ.

ಭಾರದ ಲೆಕ್ಕವನ್ನೂ ಟೈರೇ ಹೇಳುತ್ತದೆ. ‘90/90-17 49ಪಿ’ ಎಂದಿದ್ದರೆ 49 ಎಂಬುದು ಭಾರದ ಸಂಕೇತ, 185 ಕಿಲೋ. ‘ಪಿ’ ಎಂದರೆ ಗಂಟೆಗೆ 150 ಕಿ.ಮೀ.ವರೆಗಿನ ವೇಗ. ಈಗ 125 ಕಿಲೋದ ಬೈಕು, 75 ಕಿಲೋದ ಇಬ್ಬರು, 15 ಕಿಲೋ ಚೀಲ ಸೇರಿಸಿ: ಒಟ್ಟು 290. ಇಬ್ಬರು ಕೂತಾಗ ಅದರ ಶೇಕಡ ಅರುವತ್ತಕ್ಕೂ ಹೆಚ್ಚು ಪಾಲು ಹಿಂದಿನ ಚಕ್ರದ ಮೇಲೆ, ಅಂದರೆ ಸುಮಾರು 180 ಕಿಲೋ. ಇಬ್ಬರಿಗೇ ಲೆಕ್ಕ ಅಂಚಿಗೆ ಬಂತು. ಮೂರನೆಯವರು ಹತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ 185 ಕೂಡ ಗಾಳಿ ಪೂರ್ತಿ ಇದ್ದಾಗಿನ ಮಾತು.

ವಾಲ್ವಿನ ವಿಷಯ ಬಾಕಿಯಿದೆ. ಟ್ಯೂಬ್ ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೆ ಪ್ರತಿ ಬ್ರೇಕಿಗೂ, ಪ್ರತಿ ಎಳೆತಕ್ಕೂ ಟೈರು ರಿಮ್ಮಿನ ಮೇಲೆ ಕೂದಲೆಳೆಯಷ್ಟು ಜಾರುತ್ತದೆ. ಟೈರಿಗೆ ಅಂಟಿಕೊಂಡ ಟ್ಯೂಬೂ ಅದರ ಜೊತೆಗೆ ಜಾರುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿದೆ, ಅದು ಎಲ್ಲಿಗೂ ಹೋಗಲಾರದು. ದಿನಗಳು ಕಳೆದಂತೆ ಅದು ಓರೆಯಾಗುತ್ತದೆ, ಬುಡದ ರಬ್ಬರು ಒಂದು ಪಕ್ಕಕ್ಕೆ ಎಳೆದು ತೆಳುವಾಗುತ್ತದೆ. ಕೊನೆಗೆ ಜೋರಾಗಿ ಬ್ರೇಕ್ ಹಾಕಿದ ಒಂದು ಗಳಿಗೆಯಲ್ಲಿ ಬುಡಸಮೇತ ಹರಿಯುತ್ತದೆ. ಬೆರಳು ಗಾತ್ರದ ತೂತಿನಿಂದ ಗಾಳಿ ಹೋಗಲು ಎಷ್ಟು ಹೊತ್ತು ಬೇಕು? ಇದಕ್ಕೆ ಮೊಳೆಯೂ ಬೇಡ, ಗುಂಡಿಯೂ ಬೇಡ. ಆದರೆ ಎಚ್ಚರಿಕೆಯನ್ನು ಅದು ವಾರಗಟ್ಟಲೆ ಕೊಟ್ಟಿರುತ್ತದೆ. ಚಕ್ರದ ಪಕ್ಕ ಕೂತು ವಾಲ್ವನ್ನು ನೋಡಿ: ಅದು ಗಾಲಿಯ ನಡುಭಾಗದ ಕಡೆ ನೇರವಾಗಿ ನಿಂತಿರಬೇಕು. ಹಲ್ಲು ವಕ್ರವಾದ ಹಾಗೆ ಒಂದು ಕಡೆ ವಾಲಿದ್ದರೆ ಗಾಳಿ ಪೂರ್ತಿ ಬಿಟ್ಟು, ಬೀಡನ್ನು ಸಡಿಲಿಸಿ, ಟೈರನ್ನು ಹಿಂದಕ್ಕೆ ತಿರುಗಿಸಿ ನೇರ ಮಾಡಿಸಬೇಕು, ಬುಡ ಬಿರುಕು ಬಿಟ್ಟಿದ್ದರೆ ಟ್ಯೂಬನ್ನೇ ಬದಲಿಸಬೇಕು. ವಾಲ್ವಿನ ಮೇಲಿರುವ ಚಿಕ್ಕ ನಟ್ಟನ್ನು ರಿಮ್ಮಿಗೆ ಬಿಗಿದು ಕೂರಿಸುವ ಅಭ್ಯಾಸವೂ ಇದೆ. ಹಾಗೆ ಬಿಗಿದರೆ ವಾಲ್ವಿಗೆ ವಾಲಲೂ ಜಾಗವಿರುವುದಿಲ್ಲ, ಎಚ್ಚರಿಕೆ ಕಾಣದೆ ನೇರ ಹರಿದುಹೋಗುತ್ತದೆ. ಅದನ್ನು ಸಡಿಲಿಸಿ ಮುಚ್ಚಳದ ಬುಡಕ್ಕೆ ಏರಿಸಿಡುವುದು ನಮ್ಮ ಪಾಲಿಗೆ ಸರಿಯಾದ ಕ್ರಮ.

ಟ್ಯೂಬ್‌ಲೆಸ್ ಟೈರು ಪದೇ ಪದೇ ಸೋರುತ್ತದೆಂದು ಅದರೊಳಗೆ ಟ್ಯೂಬ್ ತೂರಿಸಿಬಿಡುವ ರೂಢಿ ಅಪಾಯಕಾರಿ. ಟ್ಯೂಬ್‌ಲೆಸ್ಸಿನ ದೊಡ್ಡ ಗುಣವೇ ನಿಧಾನವಾಗಿ ಸೋರುವುದು. ಟ್ಯೂಬ್ ಹಾಕಿದೊಡನೆ ಆ ಗುಣ ಹೋಯಿತು, ಜೊತೆಗೆ ಟ್ಯೂಬು ಒಳಗೋಡೆಗೆ ತಿಕ್ಕಿ ಬಿಸಿಯಾಗುತ್ತದೆ. ಊರು ತಲುಪುವಷ್ಟು ದೂರಕ್ಕೆ ಸರಿ, ಅದನ್ನೇ ಸಂಸಾರ ಮಾಡಿಕೊಳ್ಳಬಾರದು.

ಟ್ಯೂಬ್‌ಲೆಸ್ ಟೈರಿನ ಸಣ್ಣ ತೂತನ್ನು ದಾರಿಯಲ್ಲೇ ಮುಚ್ಚಬಹುದು. ಬೇಕಾದ್ದು ಒಂದು ಇಕ್ಕಳ, ಅರದಂತೆ ಒರಟಾದ ಚೂಪು ಉಪಕರಣ, ಕಣ್ಣಿರುವ ದಪ್ಪ ಸೂಜಿ, ತೂತಿಗೆ ಪ್ಲಗ್ಗಾಗಿ ತುಂಬುವ ಅಂಟುಳ್ಳ ರಬ್ಬರ್ ಎಳೆಗಳು, ಬ್ಲೇಡು, ಪಂಪು. ಮೊಳೆ ಕೀಳುವ ಮೊದಲು ಅದು ಯಾವ ಕೋನದಲ್ಲಿ ಹೊಕ್ಕಿದೆ ಎಂದು ನೋಡಿಟ್ಟುಕೊಳ್ಳಿ, ಸೀಮೆಸುಣ್ಣದಲ್ಲಿ ಸುತ್ತ ಗುರುತು ಹಾಕಿ. ಕಿತ್ತ ಮೇಲೆ ತೂತು ತಾನೇ ಮುಚ್ಚಿಕೊಂಡು ಕಾಣದಂತಾಗುತ್ತದೆ. ಅರವನ್ನು ಅದೇ ಕೋನದಲ್ಲಿ ಒತ್ತಿ ಎಂಟು ಹತ್ತು ಸಲ ಒಳಗೆ ಹೊರಗೆ ಆಡಿಸಬೇಕು. ಕೈನೋವೆಂದು ಎರಡು ಸಲ ಆಡಿಸಿ ಬಿಡುವವರ ಪ್ಲಗ್ಗೇ ಸೋರುವುದು. ತೂತಿನ ಗೋಡೆ ಒರಟಾದರೆ ತಾನೆ ಎಳೆ ಹಿಡಿದುಕೊಳ್ಳುವುದು? ಒಳಗೆ ಉಕ್ಕಿನ ತಂತಿಯಿದ್ದರೆ ಅದರ ಚೂಪು ತುದಿಯೂ ಸವೆಯಬೇಕು, ಇಲ್ಲದಿದ್ದರೆ ಅದೇ ಎಳೆಯನ್ನು ಕತ್ತರಿಸುತ್ತದೆ. ಎಳೆಯನ್ನು ಸೂಜಿಯ ಕಣ್ಣಿನಲ್ಲಿ ಮಧ್ಯಕ್ಕೆ ಪೋಣಿಸಿ, ಹೊರಗೆ ಒಂದು ಸೆಂಟಿಮೀಟರಿನಷ್ಟು ಬಾಲ ಉಳಿಯುವವರೆಗೆ ಒತ್ತಿ, ಸೂಜಿಯನ್ನು ತಿರುಚದೆ ಸರಕ್ಕನೆ ಎಳೆಯಿರಿ. ಬಾಲವನ್ನು ಮೂರು ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಗಾಳಿ ತುಂಬಿ, ಸೋಪಿನ ನೀರೋ ಉಗುಳೋ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಇಂಗಾಲದ ಡೈಆಕ್ಸೈಡಿನ 16 ಗ್ರಾಂ ಪುಟ್ಟ ಸಿಲಿಂಡರ್ ಇಟ್ಟುಕೊಳ್ಳುವವರು ಒಂದನ್ನೇ ನಂಬಬೇಡಿ, ಹಿಂದಿನ ಟೈರಿಗೆ ಎರಡು ಮೂರು ಬೇಕಾಗುತ್ತವೆ. ಬಿಡುವಾಗ ಅದು ಮಂಜುಗಟ್ಟುವಷ್ಟು ತಣ್ಣಗಾಗುತ್ತದೆ, ಬರಿಗೈಯಲ್ಲಿ ಹಿಡಿಯಬಾರದು. ಆ ಅನಿಲ ರಬ್ಬರಿನ ಮೂಲಕ ಬೇಗ ಸೋರಿಹೋಗುವುದರಿಂದ ಮನೆ ಸೇರಿದ ಮೇಲೆ ಅದನ್ನು ಬಿಟ್ಟು ಮಾಮೂಲು ಗಾಳಿ ಹಿಡಿಸಬೇಕು.

ಈ ಪ್ಲಗ್ಗು ರಸ್ತೆಗೆ ತಾಗುವ ನಡುಭಾಗದಲ್ಲಿ, ಸುಮಾರು 6 ಮಿ.ಮೀ. ಒಳಗಿನ ತೂತಿಗೆ ಮಾತ್ರ. ಪಕ್ಕದ ಗೋಡೆಗೆ ಹಾಕಿದ್ದು ನಿಲ್ಲುವುದಿಲ್ಲ, ಅಲ್ಲಿ ರಬ್ಬರು ಪ್ರತಿ ಸುತ್ತಿಗೂ ಬಾಗುತ್ತದೆ. ಮೇಲಿಂದ ಹಾಕಿದ ಪ್ಲಗ್ಗನ್ನು ತಾತ್ಕಾಲಿಕ ಎಂದೇ ತಿಳಿದು, ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಬೇಕು. ಆಮೇಲೂ ಮೊದಲ ದಿನ ಗಂಟೆಗೆ 80 ಕಿ.ಮೀ. ವೇಗ ಮೀರಬೇಡಿ. ಬಿಚ್ಚಿದಾಗ ನೋಡಬೇಕಾದ್ದು ತೂತಿಗಿಂತ ಒಳಗೋಡೆಯನ್ನು. ಗಾಳಿಯಿಲ್ಲದೆ ಓಡಿದ ಟೈರಿನೊಳಗೆ ಪೆನ್ಸಿಲ್ ರಬ್ಬರಿನ ಪುಡಿಯಂಥ ಕಪ್ಪು ಹುಡಿ ಉದುರಿರುತ್ತದೆ, ಗೋಡೆಯ ಸುತ್ತ ಉಂಗುರದಂತೆ ತಿಕ್ಕಿದ ಗುರುತಿರುತ್ತದೆ. ಅದು ಕಂಡರೆ ಹೊರಗಿನ ಗ್ರಿಪ್ ಎಷ್ಟೇ ಚೆನ್ನಾಗಿರಲಿ, ಆ ಟೈರ್ ಮುಗಿಯಿತು. ಒಳಗೆ ಸುರಿಯುವ ಸೀಲಂಟ್ ದ್ರವ ಸಣ್ಣ ಮೊಳೆತೂತಿಗೆ ಕೆಲಸ ಮಾಡುತ್ತದೆ ನಿಜ, ಆದರೆ ಮೊಳೆ ಚುಚ್ಚಿದ್ದೇ ತಿಳಿಯದಂತೆ ಮಾಡುತ್ತದೆ, ಇನ್ನೊಂದು ಮೊಳೆಯವರೆಗೆ.

ಟೈರಿನ ವಯಸ್ಸು ತಿಳಿಯಲು ಗೋಡೆಯ ಮೇಲೆ ‘ಡಿಒಟಿ’ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತು ವರ್ಷದ್ದನ್ನು ಓಡಿಸದಿದ್ದರೂ ಬದಲಿಸಬೇಕು. ಗ್ರಿಪ್ಪಿನ ಕಾಲುವೆಗಳೊಳಗಿನ ಪುಟ್ಟ ಉಬ್ಬುಗಳ ಮಟ್ಟಕ್ಕೆ ರಬ್ಬರ್ ಸವೆದಿದ್ದರೆ ಅಂದೇ ಅದರ ಕೊನೆ. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚೆನಿಸುವುದು ಭ್ರಮೆಯಲ್ಲ. ನೀರು ಚೂಪು ಕಲ್ಲಿಗೂ ಗಾಜಿಗೂ ಎಣ್ಣೆ ಸವರಿದಂತೆ ಕೆಲಸ ಮಾಡಿ ರಬ್ಬರನ್ನು ಸುಲಭವಾಗಿ ಕೊಯ್ಯಿಸುತ್ತದೆ. ಸವೆದು ತೆಳುವಾದ ಟೈರಾದರೆ ಕೇಳುವುದೇ ಬೇಡ.

ಕೊನೆಗೆ ಪತ್ರಿಕೆಯಲ್ಲಿ ಒಂದು ಕೋರಿಕೆ. ಇಂಥ ಅಪಘಾತದ ವರದಿ ಬರೆಯುವಾಗ ಹೋದದ್ದು ಮುಂದಿನ ಟೈರೋ ಹಿಂದಿನದೋ, ಟ್ಯೂಬಿನದೋ ಅಲ್ಲವೋ, ಬೈಕಿನಲ್ಲಿ ಎಷ್ಟು ಜನರಿದ್ದರು ಎಂದು ಕೇಳಿ ಬರೆಯಲಿ. ಬಿದ್ದ ರಭಸಕ್ಕೆ ರಿಮ್ ಬಾಗಿ ಆಮೇಲೆ ಗಾಳಿ ಹೋದದ್ದನ್ನೂ ‘ಸಿಡಿದು’ ಎಂದೇ ಬರೆದುಬಿಡುವ ಸಾಧ್ಯತೆಯಿದೆ. ಸ್ಥಳದಲ್ಲಿ ಅದಕ್ಕೆ ಸಾಕ್ಷಿ ಸಿಗುತ್ತದೆ. ಟೈರಿನ ಒಳಗೋಡೆಯಲ್ಲಿ ಮೇಲೆ ಹೇಳಿದ ಉಂಗುರವಿದ್ದರೆ ಬೀಳುವ ಮುಂಚೆಯೇ ಅದು ಕಡಿಮೆ ಗಾಳಿಯಲ್ಲಿ ಓಡಿದೆ. ರಸ್ತೆಯ ಮೇಲೆ ಮೊದಲು ಎರಡು ಅಂಚು ಮಾತ್ರ ಗಾಢವಾದ ಕಪ್ಪು ಗೆರೆ ಇದ್ದು, ಅದರ ಮುಂದೆ ರಿಮ್ ಗೀರಿದ ಬಿಳಿ ಗುರುತು ಶುರುವಾಗಿದ್ದರೆ, ಗಾಳಿ ಹೋದ ಚಕ್ರಕ್ಕೇ ಬ್ರೇಕ್ ಬಿದ್ದಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಇಂತಿ,
ಬೈಕ್ ಸವಾರಿ ತರಬೇತಿ ಮತ್ತು ಟೈರ್ ಕೆಲಸದಲ್ಲಿರುವ ಓದುಗರು